ಒಂದೇ ಗುಂಡಿನ ಸಾಹುಕಾರರು

ಆಗ ನನಗೆ ಮೂವತ್ತನಾಲ್ಕು ವರ್ಷ. ಇದು ನಲವತ್ತೈದು ವರ್ಷದ ಹಿಂದಿನ ಮಾತು. ಲೆಕ್ಕ ತಪ್ಪಿದ್ದರೆ ಒಂದೋ ಎರಡೋ ತಪ್ಪಿರಬಹುದು, ಹೆಚ್ಚಲ್ಲ.

ಸಾಹುಕಾರರು ಹೋದ ತಿಂಗಳು ತೀರಿಕೊಂಡರು. ತೊಂಬತ್ತು ದಾಟಿತ್ತು. ಬೆಳಿಗ್ಗೆ ಇಡ್ಲಿ ತಿಂದು, ಚಟ್ನಿಗೆ ಉಪ್ಪು ಸಾಲದು ಎಂದು ಹೇಳಿ, ಮಧ್ಯಾಹ್ನ ಹೋದರು. ಅದರಲ್ಲಿ ಅಳುವಂಥದ್ದೇನೂ ಇಲ್ಲ. ಶಿವಗಣಾರಾಧನೆಗೆ ನಾನೂ ಹೋಗಿದ್ದೆ. ಮಠದಿಂದ ಬಂದವರು ಮಾತಾಡಿದರು. ದಾನಿಗಳು ಎಂದರು, ಧರ್ಮಿಷ್ಠರು ಎಂದರು, ಮಿತಭಾಷಿ ಎಂದರು. ಮಿತಭಾಷಿ ಎಂದಾಗ ನನಗೆ ನಗು ತಡೆಯಲಾಗದೆ ಸೆರಗು ಬಾಯಿಗಿಟ್ಟುಕೊಂಡೆ. ಪಕ್ಕದವಳು ನಾನು ಅಳುತ್ತಿದ್ದೇನೆಂದು ಬೆನ್ನು ಸವರಿದಳು. ಗುಂಡಿನ ವಿಷಯ ಎತ್ತಿದರೆ ಸಾಹುಕಾರರ ಎದುರು ನಿಂತವನ ಬಸ್ಸು ಬಂದು, ನಿಂತು, ಹೋಗಿಬಿಡುತ್ತಿತ್ತು. ಆದರೆ ಅವತ್ತು ಯಾರೂ ಗುಂಡಿನ ವಿಷಯ ಎತ್ತಲೇ ಇಲ್ಲ. ಅವರಿಗೆ ಸಂಕೋಚ. ಲಿಂಗ ಕಟ್ಟಿದವರು, ಮೊಟ್ಟೆ ಕೂಡ ಮುಟ್ಟದವರು, ತರೀಕೆರೆಯಲ್ಲಿ ಮೂವತ್ತು ವರ್ಷ ಕೋವಿ, ತೋಟಾ ಮಾರಿದರು ಎಂದು ಆರಾಧನೆಯಲ್ಲಿ ಹೇಳಲಾಗುತ್ತದೆಯೇ? ನನಗೆ ಸಂಕೋಚವಿಲ್ಲ. ನಾನು ಅವರ ಹತ್ತಿರ ಗುಂಡು ಅಗೆಯುವ ಕೆಲಸ ಮಾಡಿದವಳು.

ಗುಂಡು ಅಗೆಯುವುದು ಎಂದರೇನು ಎಂದು ಹೇಳಬೇಕು. ಅದಕ್ಕೆ ಮೊದಲು ನಾನು ಅಲ್ಲಿಗೆ ಹೇಗೆ ಹೋದೆ ಎಂದು ಹೇಳಬೇಕು.

ತರೀಕೆರೆಗೂ ಅಜ್ಜಂಪುರಕ್ಕೂ ನಡುವೆ, ಒಂದು ಕುರುಚಲು ಗುಡ್ಡದ ಬುಡದಲ್ಲಿ ನನ್ನದು ಎರಡು ಎಕರೆ ಹೊಲ. ಗಂಡ ಸತ್ತ ಮೇಲೆ ಖಾತೆ ನನ್ನ ಹೆಸರಿಗೆ ಆಗಿತ್ತು. ಶೇಂಗಾ ಹಾಕುತ್ತಿದ್ದೆ. ಎರಡು ವರ್ಷ ಸತತವಾಗಿ, ಕಾಯಿ ಬಲಿಯುವ ಹೊತ್ತಿಗೆ ಒಂದು ಕಾಡುಹಂದಿ ಬಂದು ನೇಗಿಲು ಹೊಡೆದಂತೆ ಹೊಲವನ್ನೆಲ್ಲ ಉತ್ತು ಹೋಗಿತ್ತು. ಗುಂಪಲ್ಲ, ಒಂಟಿಯಾಗಿ ತಿರುಗುವ ಗಂಡು ಹಂದಿ, ಸಲಗ. ಮುಂಗಾಲು ಕುಂಟುತ್ತಿತ್ತು. ಮೂರನೆಯ ವರ್ಷವೂ ತಿಂದರೆ ಬೀಜಕ್ಕೂ ಕಾಯಿ ಉಳಿಯುತ್ತಿರಲಿಲ್ಲ. ಹೊಲ ಬೀಳುಬಿಟ್ಟು ಕಡೂರಿನ ಕೊಬ್ಬರಿ ಮಂಡಿಯಲ್ಲಿ ಕೂತು ಕಾಯಿ ಸುಲಿಯಬೇಕಿತ್ತು. ಆ ಕೆಲಸವನ್ನು ಎರಡು ಬೇಸಿಗೆ ಮಾಡಿದ್ದೆ. ಮತ್ತೆ ಮಾಡುವ ಮನಸ್ಸಿರಲಿಲ್ಲ.

ತರೀಕೆರೆಯಲ್ಲಿ ಅವರ ಅಂಗಡಿ. ಮುಂದೆ ಹಗ್ಗ, ಕುಡುಗೋಲು, ಗೋಣಿಚೀಲ. ಒಳಗೆ ಕಬ್ಬಿಣದ ಬೀರು, ಅದರೊಳಗೆ ಕೋವಿ. ಗೋಡೆಯ ಮೇಲೆ ಸರ್ಕಾರದ ಲೈಸೆನ್ಸು, ಅದರ ಪಕ್ಕ ಶಿವನ ಪಟ. ಎರಡಕ್ಕೂ ಒಂದೇ ಊದುಬತ್ತಿ.

"ಹಂದಿ ಓಡ್ಸೋಕೆ ಪಟಾಕಿ ಐತಾ?" ಎಂದು ಕೇಳಿದೆ.

"ಪಟಾಕಿಗೆ ಹಂದಿ ಓಡಲ್ಲ ಕಣಮ್ಮ. ಹಬ್ಬ ಅಂತ ಬತ್ತದೆ" ಎಂದರು. ತಲೆ ಎತ್ತಿರಲಿಲ್ಲ. ಅಕ್ಕಸಾಲಿಗರ ತಕ್ಕಡಿಯಲ್ಲಿ ಏನನ್ನೋ ತೂಗುತ್ತಿದ್ದರು. ತೂಗಿ ಮುಗಿಸಿ ಕೇಳಿದರು: "ಎಷ್ಟು ದೊಡ್ಡದು?"

"ಹೊಲದ ಬದೀಲಿ ಒಂದು ಜಾಲಿ ಮರ ಐತೆ. ಅದಕ್ಕೆ ಮೈ ಉಜ್ತದೆ. ಕೆಸರು ನನ್ನ ಸೊಂಟದವರ್ಗೂ ಮೆತ್ತೈತೆ."

"ಯಾವ ಕಾಲು ಕುಂಟ್ತದೆ?"

ಕುಂಟುವುದನ್ನು ನಾನಿನ್ನೂ ಹೇಳಿರಲಿಲ್ಲ. "ನಿಮಗೆಂಗೆ ಗೊತ್ತಾಯ್ತು?" ಎಂದೆ.

"ಗೊತ್ತಿಲ್ಲ. ಆ ಕಡೆ ಕುಂಟದ ಸಲಗ ಇದ್ರೆ ಆಶ್ಚರ್ಯ. ಎಲ್ರೂ ಅದಕ್ಕೆ ಒಂದೊಂದು ಏಟು ಹಾಕವ್ರೆ, ಒಬ್ರೂ ಸಾಯಿಸಿಲ್ಲ."

"ಎಡಗಾಲು. ಎಡಗಾಲಿನ ಗೊರಸು ಅರ್ಧಾನೇ ಊರ್ತದೆ."

ಆಗ ಕನ್ನಡಕ ತೆಗೆದು ನನ್ನನ್ನು ನೋಡಿದರು. "ಕೋವಿ ಹೊತ್ಕೊಂಡು ಬರೋ ಗಂಡಸರು ಇಷ್ಟು ನೋಡಿರಲ್ಲ" ಎಂದರು. "ಕೊಬ್ಬರಿ ಮಂಡೀಲಿ ಕೆಲಸ ಮಾಡಿದೀಯಾ? ಕೈ ನೋಡಿದ್ರೆ ಹಂಗನ್ನಿಸ್ತದೆ. ನಾರು ನೆನೆಹಾಕಕ್ಕೆ ಬತ್ತದಾ?"

ಹೀಗೆ ಕೆಲಸ ಸಿಕ್ಕಿತು. ವಾರಕ್ಕೆ ಮೂರು ದಿನ.

ಕೆಲಸ ಇದು. ತೆಂಗಿನ ನಾರನ್ನು ಗೋಣಿಚೀಲಕ್ಕೆ ಅದುಮಿ ತುಂಬಬೇಕು. ಎರಡು ದಿನ ಕೆರೆಯಲ್ಲಿ ನೆನೆಹಾಕಬೇಕು. ನೀರು ಕುಡಿದು ಮಾಂಸದ ಹಾಗೆ ಭಾರವಾದ ಹನ್ನೆರಡು ಚೀಲಗಳನ್ನು ಊರಾಚೆಯ ಇಟ್ಟಿಗೆ ಗೂಡಿನ ಹಿಂದಿನ ಹಳ್ಳದಲ್ಲಿ ಒಂದರ ಹಿಂದೆ ಒಂದು ಇಡಬೇಕು. ಎಲ್ಲಕ್ಕಿಂತ ಮುಂದೆ ಎತ್ತು ಕಟ್ಟಿ ನೀರೆತ್ತುವ ಕಪಿಲೆ ಬಾವಿಯ ಹಳೆ ತೊಗಲಿನ ಚೀಲ, ಅದರ ಹಿಂದೆ ಯಗಟಿಯಿಂದ ತರಿಸಿದ ಕುರಿಯ ಭುಜದ ಮೂಳೆ. ಹೊಡೆಯುವವರು ನಮ್ಮ ಊರಿನ ಹವಾಲ್ದಾರರು. ಸೈನ್ಯದಿಂದ ನಿವೃತ್ತರಾಗಿ ಬಂದವರು, ಎರಡು ಕೈಲಿ ತಿರುವುವಂಥ ಮೀಸೆ. ಅವರು ಹೊಡೆದ ಮೇಲೆ ನಾನು ಒಂದೊಂದೇ ಚೀಲ ಬಿಚ್ಚಿ ಗುಂಡು ಅಗೆದು ತೆಗೆಯಬೇಕು. ಎಷ್ಟನೇ ಚೀಲದಲ್ಲಿ ಸಿಕ್ಕಿತು, ಯಾವ ಆಕಾರದಲ್ಲಿ ಸಿಕ್ಕಿತು ಎಂದು ಹೇಳಬೇಕು. ಸಾಹುಕಾರರು ಬರೆದುಕೊಳ್ಳುತ್ತಿದ್ದರು.

ಅವರು ಜೀವಮಾನದಲ್ಲಿ ಒಂದು ಗುಂಡೂ ಹಾರಿಸಿದವರಲ್ಲ. ಹವಾಲ್ದಾರರು ಕೋವಿಯ ಕುದುರೆ ಎಳೆಯುವಾಗ ಎರಡು ಕಿವಿಗೂ ಬೆರಳು ತುರುಕಿಕೊಂಡು, ಕಣ್ಣು ಮುಚ್ಚಿ "ಶಿವಾ" ಎನ್ನುತ್ತಿದ್ದರು. ಸದ್ದು ಆದ ಮೇಲೆ ಎಲ್ಲರಿಗಿಂತ ಮೊದಲು ಓಡುತ್ತಿದ್ದರು. ಮೂಳೆ ಕಂಡೊಡನೆ ಎರಡು ಹೆಜ್ಜೆ ಹಿಂದೆ ನಿಲ್ಲುತ್ತಿದ್ದರು. "ಮುರಿದಿದೆಯಾ, ತೂತಾಗಿದೆಯಾ?" ಎಂದು ದೂರದಿಂದಲೇ ಕೇಳುತ್ತಿದ್ದರು. ನಾನು ಕೈಲಿ ಹಿಡಿದು ತೋರಿಸಿದರೆ ಮುಖ ಪಕ್ಕಕ್ಕೆ ತಿರುಗಿಸಿ ಒಂದೇ ಕಣ್ಣಲ್ಲಿ ನೋಡುತ್ತಿದ್ದರು.

ಮನೆಗೆ ಹೋದರೆ ಅಮ್ಮನವರು, ಅಂದರೆ ಅವರ ಹೆಂಡತಿ, ಬಚ್ಚಲ ಬಾಗಿಲಲ್ಲೇ ನಿಂತಿರುತ್ತಿದ್ದರು.

"ನೀರು ಕಾದೈತೆ. ಮೊದ್ಲು ಮೈ ತೊಳ್ಕಳಿ. ಕುರಿ ಮೂಳೆ ನೋಡಿದ ಕಣ್ಣಲ್ಲಿ ಲಿಂಗ ನೋಡ್ಬೇಡಿ."

"ನಾನು ನೋಡಿದ್ದು ಗುಂಡನ್ನ ಕಣೇ. ಮೂಳೆ ಅಡ್ಡ ಬಂತು."

"ಹಂಗೇ ಸೋಪೂ ಅಡ್ಡ ಬರ್ಲಿ, ಹೋಗಿ."

ಇಷ್ಟೆಲ್ಲ ಯಾಕೆ ಮಾಡುತ್ತಿದ್ದರು ಎಂದು ಜನ ನಗುತ್ತಿದ್ದರು. ಬೇರೆ ಅಂಗಡಿಯಲ್ಲಿ ಹೋಗಿ ದೊಡ್ಡ ತೋಟಾ ಕೊಡಿ ಎಂದರೆ ಕೊಡುತ್ತಿದ್ದರು. ಇವರಲ್ಲಿ ಹಾಗಿಲ್ಲ. ಒಮ್ಮೆ ಒಬ್ಬ ಬಂದು ಹಂದಿಗೆ ತೋಟಾ ಬೇಕು ಎಂದ. ಅವನ ಬಳಿ ಬೆಳೆ ಕಾಯುವ ಕೋವಿಯ ಲೈಸೆನ್ಸೂ ಇತ್ತು, ಪರವಾನಗಿಯೂ ಇತ್ತು.

"ಮರೀನಾ, ಹೆಣ್ಣಾ, ಸಲಗಾನಾ?"

"ಹಂದಿ ಅಂದ್ರೆ ಹಂದಿ ಸಾವ್ಕಾರ್ರೇ."

"ಹಂಗಾದ್ರೆ ಎಣ್ಣೆ ಅಂದ್ರೆ ಎಣ್ಣೆ. ಸೀಮೆಎಣ್ಣೇಲಿ ವಡೆ ಕರ್ಕೊಂಡು ತಿನ್ನು ಹೋಗು."

ಅವನು ಮುನಿಸಿಕೊಂಡು ಹೋದ. ಸಂಜೆ ಮತ್ತೆ ಬಂದ. ಹೆಣ್ಣು ಹಂದಿ, ಇಪ್ಪತ್ತು ಮಾರು ದೂರ, ಅಡ್ಡಕ್ಕೆ ಸಿಗುತ್ತದೆ ಎಂದು ಪಾಠ ಒಪ್ಪಿಸಿದ. ಆಮೇಲೆ ಕೊಟ್ಟರು.

ಅವರ ಮಾತು ಇಷ್ಟೇ: ದೊಡ್ಡ ಪ್ರಾಣಿಗೆ ದೊಡ್ಡ ಸದ್ದು ಬೇಡ. ಗುಂಡು ಒಳಗೆ ಎಲ್ಲಿಯವರೆಗೆ ಹೋಗಬೇಕು ಎನ್ನುವುದನ್ನು ಮೊದಲು ಗೊತ್ತುಮಾಡಿಕೊಂಡು, ಆಮೇಲೆ ಕೋವಿ ಆರಿಸು. ಸಲಗ ಹಂದಿಯ ಭುಜದ ಮೇಲೆ ಒಂದು ಗುರಾಣಿ ಇರುತ್ತದೆ. ತೊಗಲು, ಕೊಬ್ಬು, ನರ ಎಲ್ಲ ಸೇರಿ ಹಲಗೆಯ ಹಾಗೆ ಗಟ್ಟಿಯಾದದ್ದು. ಎಲ್‌ಜಿ ತೋಟಾದೊಳಗಿನ ಸೀಸದ ಕಾಳು, ಅಂದರೆ ಚರೆ, ಅದರಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, ಹಲಸಿನ ಮೇಣದಲ್ಲಿ ಬೀಜ ಸಿಕ್ಕಂತೆ. ಹಗುರ ಗುಂಡು ಬಲು ವೇಗವಾಗಿ ಬಂದರೆ ಗುರಾಣಿಗೇ ಬಡಿದು ಪುಡಿಯಾಗುತ್ತದೆ. ಪೂರ್ತಿ ತಾಮ್ರ ಹೊದ್ದ ಗಟ್ಟಿ ಮೂತಿಯ ಗುಂಡು ಅರಳುವುದೇ ಇಲ್ಲ. ಹಂದಿಯನ್ನು ದಾಟಿ ಆಚೆಯಿಂದ ಹಂದಿಯನ್ನು ಅಟ್ಟಿ ಸೋವುವವನ ಹೊಟ್ಟೆಗೆ ಹೋಗುತ್ತದೆ. ಬೇಕಾದದ್ದು ತೂಕದ ಗುಂಡು, ಮೆತ್ತನೆ ಮೂತಿ, ಹದವಾದ ವೇಗ.

ನನಗೆ ಅರ್ಥವಾಗಲಿಲ್ಲ ಎಂದಾಗ ಹೇಳಿದರು: "ಕೆಸರು ಗದ್ದೆಗೆ ರಾಗಿಕಾಳು ಎಷ್ಟು ಜೋರಾಗಿ ಎಸೆದ್ರೂ ಮೇಲೇ ಇರ್ತದೆ. ಒನಕೆ ಸುಮ್ನೆ ಬಿಟ್ರೂ ಇಳೀತದೆ. ಆದ್ರೆ ಒನಕೆ ಇಳೀತಾ ಇಳೀತಾ ತುದೀಲಿ ಅರಳ್ಬೇಕು. ಅಂಥ ಒನಕೆ ಹುಡುಕ್ತಾ ಇದೀನಿ."

"ಸಾಯ್ಸೋಕೆ ಇಷ್ಟು ಓದ್ಬೇಕಾ?"

"ನಾನು ಮಾರೋದು ಸಾವು ಕಣಮ್ಮ. ಮೂರ್ ದಿನ ನರಳೋದನ್ನ ಮಾರ್ಬಾರ್ದು."

ಅದನ್ನು ಹೇಳಿ ಹಗ್ಗ ಅಳೆಯಲು ಹೋದರು. ಇಂಥ ಮಾತು ಆಡಿ ಅಲ್ಲೇ ನಿಲ್ಲುವ ಅಭ್ಯಾಸ ಅವರಿಗಿರಲಿಲ್ಲ.

ಕೆಮ್ಮಣ್ಣುಗುಂಡಿ ಕಡೆಯ ಒಬ್ಬ ತೋಟದ ದೊರೆ ಕಾರಿನಲ್ಲಿ ಬಂದು, ಕಾಟಿಗೆ, ಅಂದರೆ ಕಾಡುಕೋಣಕ್ಕೆ, ಯಾವ ಗುಂಡು ಆಗುತ್ತದೆ ಎಂದು ಮೆಲ್ಲಗೆ ಕೇಳಿದ. ಅಷ್ಟರಲ್ಲಿ ಕಾನೂನು ಬಂದಿತ್ತು, ಕಾಟಿ ಹೊಡೆಯುವ ಹಾಗಿರಲಿಲ್ಲ. "ಕಾಟಿಗೆ ಒಂದು ಗುಂಡು ಐತೆ ಸ್ವಾಮಿ. ಹಾರಿಸಿದ್ರೆ ತಿರುಗಿ ಬಂದು ನಿಮಗೇ ತಗಲ್ತದೆ. ಜೈಲಲ್ಲಿ ತೆಗೀತಾರೆ" ಎಂದು ಕಳಿಸಿದರು. ಕಾರು ಹೋದ ಮೇಲೆ ನನಗೆ ಅರ್ಧ ಗಂಟೆ ಪಾಠ. ಕಾಟಿಯ ಭುಜದ ಮೂಳೆ ಎಷ್ಟು ದಪ್ಪ, ಮುನ್ನೂರ ಎಪ್ಪತ್ತೈದರ ಅಳತೆಯ ಗಟ್ಟಿ ಮೂತಿ ಗುಂಡೇ ಯಾಕೆ ಬೇಕು, ಎದುರಿನಿಂದ ಯಾಕೆ ಹೊಡೆಯಬಾರದು. "ಹೊಡಿಯೋ ಹಂಗಿಲ್ಲ ಅಂದ್ರಲ್ಲ?" ಎಂದೆ. "ಹೊಡಿಯೋದಲ್ಲ ಕಣೇ, ತಿಳ್ಕೊಳ್ಳೋದು" ಎಂದರು. ಮುಖ ನೋಡಬೇಕಿತ್ತು. ಹಬ್ಬದ ಹೋಳಿಗೆ ತಿಂದವರ ಹಾಗಿತ್ತು.

ಅಂಕಿ ಓದಲು ನಾನು ಕಲಿತದ್ದು ತೋಟಾದ ಹಿತ್ತಾಳೆ ತಳದಲ್ಲಿ. ಮುನ್ನೂರ ಹದಿನೈದು, ಮುನ್ನೂರ ಎಪ್ಪತ್ತೈದು, ನಾನೂರೈದು. ಅಕ್ಷರ ಆಮೇಲೆ, ಅವರ ನೋಟ್‌ಬುಕ್ಕಿನಲ್ಲಿ. ನನ್ನ ಕೈಬರಹ ಈಗಲೂ ಚೆನ್ನಾಗಿಲ್ಲ. ಅವರದ್ದೂ ಚೆನ್ನಾಗಿರಲಿಲ್ಲ.

ಆ ವರ್ಷ ಶೇಂಗಾ ಚೆನ್ನಾಗಿ ಬಂತು. ಚೆನ್ನಾಗಿ ಬಂದದ್ದೇ ಹೆದರಿಕೆ. ಗಣೇಶನ ಹಬ್ಬ ಕಳೆದ ಮೇಲೆ ಸಲಗ ಬದುವಿನ ಆಚೆ ಓಡಾಡಲು ಶುರುಮಾಡಿತು. ಸಾಹುಕಾರರು ತಾವೇ ಅರ್ಜಿ ಬರೆದು ಅರಣ್ಯದವರಿಂದ ಪರವಾನಗಿ ತರಿಸಿದರು: ಒಂದೇ ಹಂದಿ, ದೀಪಾವಳಿ ಕಳೆದ ಮೇಲೆ ಹತ್ತು ದಿನ. ಇನ್ನು ಯಾವ ಕೋವಿ ಎಂಬ ಜಗಳ.

ಹವಾಲ್ದಾರರ ಹತ್ತಿರ ಇನ್ನೂರ ಎಪ್ಪತ್ತರ ರೈಫಲ್ ಇತ್ತು. ಮೇಲೆ ದುರ್ಬೀನು. ಅದರ ಮೇಲೆ ಅವರಿಗೆ ಮೀಸೆಯಷ್ಟೇ ಅಭಿಮಾನ.

"ಇದು ಸಿಡಿಲು ಸಾವ್ಕಾರ್ರೇ. ಕಣ್ಣು ಮುಚ್ಚಿ ಬಿಡೋದ್ರೊಳ್ಗೆ ಅಲ್ಲಿರ್ತದೆ."

"ಅಲ್ಲಿರ್ತದೆ, ಒಳಗಿರಲ್ಲ. ಎರಡು ವರ್ಷದ ಹಿಂದೆ ಅದೇ ಹಂದಿಗೆ ನೀವೇ ಹೊಡೆದಿದ್ರಂತೆ."

"ಜಾರಿತು."

"ಜಾರಿಲ್ಲ. ಪುಡಿ ಆಯ್ತು. ಬನ್ನಿ ಹಳ್ಳಕ್ಕೆ."

ಹಳ್ಳಕ್ಕೆ ಹೋದೆವು. ಇನ್ನೂರ ಎಪ್ಪತ್ತರ ಗುಂಡನ್ನು ನಾನು ಎರಡನೇ ಚೀಲದಲ್ಲಿ ಅಗೆದೆ. ಗುಂಡು ಅಲ್ಲ, ಸಾಸಿವೆ. ಮುನ್ನೂರ ಹದಿನೈದರದ್ದು ಐದನೇ ಚೀಲದವರೆಗೆ ಹೋಗಿತ್ತು, ತಪ್ಪಿಲ್ಲ. ಆಮೇಲೆ ಸಾಹುಕಾರರು ಬೀರುವಿನ ಒಳಗಿಂದ ತಂದ ಹಳೆ ನಾನೂರೈದನ್ನು ಕೊಟ್ಟರು. ಕೆಳಗಡೆ ಸನ್ನೆ ಎಳೆದು ಗುಂಡು ತುಂಬುವ ಕೋವಿ. ಯಾವುದೋ ತೋಟದವರು ಬಿಟ್ಟುಹೋದದ್ದು. ಹೊರದೇಶದ ತೋಟಾ ಬರುವುದು ನಿಂತು ಎಷ್ಟೋ ಕಾಲವಾಗಿ, ಮೆತ್ತನೆ ಮೂತಿಯವು ಆರೇ ಆರು ಉಳಿದಿದ್ದವು. ಒಂದನ್ನು ಪರೀಕ್ಷೆಗೆ ಕೊಡುವಾಗ ಮಗಳನ್ನು ಗಂಡನ ಮನೆಗೆ ಕಳಿಸುವವರ ಹಾಗೆ ಮಾಡಿದರು.

ಅದು ತೊಗಲು ಹರಿದು, ಮೂಳೆ ಮುರಿದು, ಒಂಬತ್ತನೇ ಚೀಲದಲ್ಲಿ ಸಿಕ್ಕಿತು. ಕಣಗಿಲೆ ಹೂವಿನ ಹಾಗೆ ಮುಂದೆ ಅರಳಿ, ಹಿಂದೆ ಬುಡ ಗಟ್ಟಿಯಾಗಿ ಉಳಿದಿತ್ತು. ಸಾಹುಕಾರರು ಅದನ್ನು ತಕ್ಕಡಿಗೆ ಹಾಕಿದರು. ತೂಕ ಹೆಚ್ಚೇನೂ ಕಮ್ಮಿಯಾಗಿರಲಿಲ್ಲ. ಅವತ್ತು ಅವರು ಮೈ ತೊಳೆಯುವುದನ್ನೂ ಮರೆತು ಒಳಗೆ ಹೋಗಿ ಅಮ್ಮನವರಿಂದ ಬೈಸಿಕೊಂಡರು. ನಾನೂರೈದನ್ನು ಹವಾಲ್ದಾರರ ಲೈಸೆನ್ಸಿಗೆ ಬರೆಸಿದರು.

ಈಗ ನನ್ನ ತಪ್ಪು ಹೇಳಬೇಕು.

ಇದರ ನಡುವೆ ಆಯುಧಪೂಜೆ ಬಂತು. ಸುತ್ತಲಿನ ಊರಿನವರೂ ತಮ್ಮ ಕೋವಿಗಳನ್ನು ಒರೆಸಿಕೊಡಿ ಎಂದು ತಂದಿಟ್ಟಿದ್ದರು. ಅಂಗಡಿಯವು, ನಾನೂರೈದು ಎಲ್ಲ ಸೇರಿ ಒಂಬತ್ತು. ಸಾಹುಕಾರರು ಸಣ್ಣ ಸೀಸೆಯ ಕೋವಿ ಎಣ್ಣೆ ಕೊಟ್ಟು ಒರೆಸು ಎಂದರು. ಆ ಎಣ್ಣೆ ನಾರುತ್ತಿತ್ತು. ಪೂಜೆಗೆ ಇಡುವ ವಸ್ತುವಿಗೆ ಅದನ್ನು ಹಚ್ಚುವುದು ನನಗೆ ಸರಿಯೆನಿಸಲಿಲ್ಲ. ಕಡೂರಿನ ಹೊಸ ಕೊಬ್ಬರಿ ಎಣ್ಣೆ ನನ್ನ ಬಳಿ ಇತ್ತು, ಗಾಣದಿಂದ ಬಂದದ್ದು. ಅದನ್ನೇ ಒಳಗೆ ಹೊರಗೆ, ಸನ್ನೆಗೆ, ತೋಟಾದ ತಳಕ್ಕೆ ಬಡಿಯುವ ಸೂಜಿಗೆ, ಸಂದಿಸಂದಿಗೆಲ್ಲ ಹಚ್ಚಿದೆ. ಕೋವಿಗಳು ಮದುವಣಗಿತ್ತಿಯರ ಹಾಗೆ ಹೊಳೆದವು. ಸಾಹುಕಾರರು ನೋಡಿ, "ಕನ್ನಡಿ ಇದ್ದಂಗೈತೆ ಕಣೇ" ಎಂದರು. ವಾಸನೆ ಗೊತ್ತಾಗಲಿಲ್ಲವೇ ಎಂದು ಕೇಳಬೇಡಿ. ಆಯುಧಪೂಜೆಯ ದಿನ ಅಂಗಡಿಯಲ್ಲಿ ಎಪ್ಪತ್ತು ಕಾಯಿ ಒಡೆದಿದ್ದರು. ಇಡೀ ಬೀದಿಯೇ ಕೊಬ್ಬರಿ ನಾರುತ್ತಿತ್ತು.

ದೀಪಾವಳಿ ಕಳೆದು ಚಳಿ ಬಿತ್ತು. ಪರವಾನಗಿಯ ಕೊನೆಯ ದಿನ ಬೆಳಿಗ್ಗೆ ನನ್ನ ಹೊಲಕ್ಕೆ ಎಲ್ಲರೂ ಬಂದರು. ಹಿಂದಿನ ಒಂಬತ್ತು ದಿನ ಹಂದಿ ಕಾಣಿಸಿಕೊಂಡಿರಲಿಲ್ಲ. ಆವತ್ತು ಅದು ಹೊಲದ ಮಗ್ಗುಲಿನ ಲಂಟಾನ ಪೊದೆಯ ಕೊರಕಲಿನಲ್ಲಿ ಮಲಗಿದ್ದು ಗೊರಸಿನ ಗುರುತಿನಿಂದ ಖಾತ್ರಿಯಾಗಿತ್ತು. ಎಂಟು ಜನ ಹಿಂದಿನಿಂದ ಡಬ್ಬ ಬಡಿದು ಸೋವುವುದು, ಮುಂದೆ ಕತ್ತಾಳೆ ಬೇಲಿಯ ಕಂಡಿಯಲ್ಲಿ ಹವಾಲ್ದಾರರು ನಿಲ್ಲುವುದು. ಸಾಹುಕಾರರೂ ಬಂದಿದ್ದರು, ಶಿಕಾರಿಗೆ ಮೊದಲ ಸಲ. ಕಚ್ಚೆ ಪಂಚೆ, ಕ್ಯಾನ್ವಾಸ್ ಬೂಟು, ತಲೆಗೆ ಮಫ್ಲರ್. ಜೇಬಿನಲ್ಲಿ ಎರಡೇ ತೋಟಾ.

"ಎರಡೇನಾ?" ಎಂದರು ಹವಾಲ್ದಾರರು.

"ಒಂದು ಸಾಕು. ಇನ್ನೊಂದು ನಿಮ್ಮ ಧೈರ್ಯಕ್ಕೆ."

ನಾನೂ ಅವರೂ ಒಂದು ಬಂಡೆಯ ಮೇಲೆ ಕೂತೆವು. ಅವರು ಕಿವಿಗೆ ಬೆರಳು ಇಟ್ಟುಕೊಂಡರು. ನಾನು ಹೊಲ ನೋಡುತ್ತಿದ್ದೆ. ಇನ್ನು ಎಂಟು ದಿನ ಬಿಟ್ಟರೆ ಕೀಳಬಹುದಿತ್ತು.

ಡಬ್ಬದ ಸದ್ದು ಎದ್ದಿತು. ಪೊದೆ ಅಲ್ಲಾಡಿತು. ಸಲಗ ಹೊರಗೆ ಬಂತು. ನಾನು ಹೇಳಿದ್ದಕ್ಕಿಂತ ದೊಡ್ಡದಿತ್ತು. ಹವಾಲ್ದಾರರು ಕೋವಿ ಎತ್ತಿ ಹದಿನೈದು ಮಾರಿನಲ್ಲಿ ಕುದುರೆ ಎಳೆದರು.

ಟಕ್.

ಅಷ್ಟೇ. ಸನ್ನೆ ಎಳೆದರು. ಬಿಗಿಯಾಗಿತ್ತು. ಮತ್ತೆ ಕುದುರೆ ಎಳೆದರು. ಟಕ್.

ಹಂದಿ ನಿಂತು ಅವರನ್ನು ನೋಡಿತು. ಆಮೇಲೆ ನುಗ್ಗಿತು. ಅರವತ್ತು ದಾಟಿದ ಹವಾಲ್ದಾರರು ನಮ್ಮ ಬಂಡೆಯನ್ನು ಹೇಗೆ ಹತ್ತಿದರೋ ಶಿವನೇ ಬಲ್ಲ. ಕೋವಿ ಬಿಡಲಿಲ್ಲ, ಅದು ಸೈನ್ಯದ ಅಭ್ಯಾಸ. ಹಂದಿ ಬಂಡೆಗೆ ಒಂದು ಸುತ್ತು ಹಾಕಿ, ಗುರುಗುಟ್ಟಿ, ತಿರುಗಿ ಅದೇ ಪೊದೆಗೆ ನುಗ್ಗಿತು.

ಸಾಹುಕಾರರು ಕೆಳಗಿಳಿದು ಬಿದ್ದ ತೋಟಾ ಹೆಕ್ಕಿದರು, ಕೋವಿಯೊಳಗಿದ್ದ ಇನ್ನೊಂದನ್ನೂ ತೆಗೆಸಿದರು. ತಳ ನೋಡಿದರು. "ಸೊಳ್ಳೆ ಕಚ್ಚಿದಂಗೈತೆ. ಸೂಜಿ ಜೋರಾಗಿ ಬಿದ್ದಿಲ್ಲ. ಗುಂಡು ಸತ್ತಿಲ್ಲ, ಕೋವಿ ಮಲಗೈತೆ." ಸನ್ನೆ ಪೂರ್ತಿ ಕೆಳಗೆಳೆದು ಒಳಗೆ ಇಣುಕಿದರು. ಒಳಗೆ ಬೆಳ್ಳಗೆ, ಹೆಪ್ಪುಗಟ್ಟಿದ ತುಪ್ಪದಂತೆ ಮೆತ್ತಿಕೊಂಡಿತ್ತು. ಮೂಸಿದರು. ನನ್ನ ಕಡೆ ತಿರುಗಿದರು.

"ಕೊಬ್ಬರಿ."

"ಹೂಂ. ನಾನೇ ಹಚ್ಚಿದ್ದು. ಹಬ್ಬದ ದಿನ. ಆ ನಾತದ ಎಣ್ಣೆ ಪೂಜೆಗೆ ಬ್ಯಾಡ ಅನ್ನಿಸ್ತು."

ನಮ್ಮ ಕಡೆ ಕೊಬ್ಬರಿ ಎಣ್ಣೆ ಚಳಿಗೆ ಗಟ್ಟಿಯಾಗುವುದು ಯಾರಿಗೆ ಗೊತ್ತಿಲ್ಲ? ದಿನಾ ಬೆಳಿಗ್ಗೆ ಸೀಸೆಯನ್ನು ಬಿಸಿಲಿಗೆ ಇಟ್ಟು ತಲೆಗೆ ಹಚ್ಚಿಕೊಳ್ಳುವವಳು ನಾನು. ಆದರೂ ಹೊಳೆದಿರಲಿಲ್ಲ.

"ಕೊಬ್ಬರಿ ಎಣ್ಣೇನಾ!" ಹವಾಲ್ದಾರರು ಬಂಡೆಯ ಮೇಲಿಂದಲೇ ಕೂಗಿದರು. "ನನ್ನ ಹೆಣಕ್ಕೆ ಹಚ್ಚಕೆ ಒಂಚೂರು ಉಳ್ಸಿಕೊಂಡಿದೀಯೇನೇ? ಪಾಕಿಸ್ತಾನದವ್ರ ಕೈಲಿ ಸಾಯ್ದೋನು ನಿನ್ನ ಕೈಲಿ ಸಾಯ್ತಿದ್ನಲ್ಲೇ!"

"ಬೈಯೋದು ಆಮೇಲೆ" ಎಂದರು ಸಾಹುಕಾರರು. "ಹಂದಿ ಇನ್ನೂ ಅಲ್ಲೇ ಐತೆ. ಇನ್ನೊಂದು ಸಲ ಸೋವಬೋದು. ಬಿಸಿ ಏನೈತೆ ಇಲ್ಲಿ? ಬೇಗ ಹೇಳು."

ಬೆಂಕಿ ಹಾಕುವಂತಿರಲಿಲ್ಲ, ಹೊಗೆ ಕಂಡರೆ ಹಂದಿ ಗುಡ್ಡ ಹತ್ತುತ್ತದೆ. ಕಾಫಿ ಕುಡಿದು ಮುಗಿದಿತ್ತು. ಹವಾಲ್ದಾರರು ತಮ್ಮ ಬೀಡಿ ಕೊಡಲು ಬಂದರು.

"ಮುದ್ದೆ ಐತೆ" ಎಂದೆ.

ಸೋವುವವರ ಊಟಕ್ಕೆಂದು ನಸುಕಿನಲ್ಲೇ ಎದ್ದು ಮಾಡಿದ ಮುದ್ದೆ. ಹತ್ತು. ಬುಟ್ಟಿಯಲ್ಲಿ ನಾರು ಹಾಸಿ, ಬಟ್ಟೆ ಸುತ್ತಿ ಇಟ್ಟಿದ್ದೆ. ಮುಟ್ಟಿದರೆ ಕೈ ಸುಡುತ್ತಿತ್ತು. ಸಾಹುಕಾರರ ಮುಖ ಅರಳಿತು.

ಎರಡು ಮುದ್ದೆಗಳನ್ನು ಬಟ್ಟೆ ಸಮೇತ ಕೋವಿಯ ಹೊಟ್ಟೆಗೆ ಎರಡು ಕಡೆಯಿಂದ ಒತ್ತಿ, ಮೇಲೆ ಅವರ ಮಫ್ಲರ್ ಸುತ್ತಿ, ಬಾಣಂತಿಯ ಸೊಂಟ ಕಟ್ಟಿದಂತೆ ಬಿಗಿದೆವು. ಅವರು ಕೋವಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತರು. ಸ್ವಲ್ಪ ಹೊತ್ತಿಗೆ ಸಂದಿಯಿಂದ ಎಣ್ಣೆ ತೊಟ್ಟಿಕ್ಕಿತು. ಪಂಚೆಯ ಅಂಚು ಹರಿದು ಒರೆಸಿದರು. ಎರಡು ಮುದ್ದೆ ಆರಿದ ಮೇಲೆ ಇನ್ನೆರಡು. ಮತ್ತೆ ಒರೆಸಿದರು. ಕೊನೆಗೆ ಖಾಲಿ ಕೋವಿಯ ಕುದುರೆಯನ್ನು ಹವಾಲ್ದಾರರಿಂದ ಎಳೆಸಿದರು. ಟಪ್ ಎಂದಿತು, ಕಡ್ಡಿ ಮುರಿದಂತೆ.

"ಎದ್ದ" ಎಂದರು.

ಅದೇ ಎರಡು ತೋಟಾಗಳನ್ನು ಒರೆಸಿ ಕೊಟ್ಟರು. ಬೇರೆ ಇರಲಿಲ್ಲ.

"ಈ ಸಲಾನೂ ಹಾರದಿದ್ರೆ?" ಎಂದರು ಹವಾಲ್ದಾರರು.

"ಬಂಡೆ ಇಲ್ಲೇ ಇರ್ತದೆ. ಹತ್ತೋದು ಅಭ್ಯಾಸ ಆಗೈತಲ್ಲ."

ಎರಡನೇ ಸಲ ಡಬ್ಬ ಬಡಿದಾಗ ಸಾಹುಕಾರರು ಕಿವಿಗೆ ಬೆರಳು ಇಟ್ಟುಕೊಳ್ಳಲಿಲ್ಲ. ಕಣ್ಣನ್ನೂ ಮುಚ್ಚಲಿಲ್ಲ. ನನ್ನ ಮೊಣಕೈ ಹಿಡಿದಿದ್ದರು, ಅವರಿಗೆ ಅದು ಗೊತ್ತಿರಲಿಲ್ಲ. ಹಂದಿ ಈ ಸಲ ಕಂಡಿಯ ಕಡೆ ಬರದೆ, ನೇರ ನನ್ನ ಶೇಂಗಾದ ಕಡೆ ಅಡ್ಡ ಓಡಿತು. ಹವಾಲ್ದಾರರು ಅಲ್ಲಾಡದೆ ನಿಂತು, ಕೋವಿಯನ್ನು ಅದರ ಜೊತೆಗೇ ತಿರುಗಿಸಿ ಎಳೆದರು.

ಗುಡ್ಡವೆಲ್ಲ ಮೊಳಗಿತು. ಹಂದಿ ಓಡಿತು, ಮಂಡಿಯೂರಿತು, ಮೊದಲನೇ ಸಾಲಿನ ಬದುವಿನ ಮೇಲೆ ಮಗುಚಿ ಬಿತ್ತು. ಮತ್ತೆ ಏಳಲಿಲ್ಲ.

ಎಲ್ಲರೂ ಕೂಗಾಡುತ್ತಿದ್ದರು. ಸಾಹುಕಾರರು ಮಾತ್ರ ದೂರದಲ್ಲೇ ನಿಂತು, "ಎಷ್ಟು ಹೆಜ್ಜೆ ಹೋಯ್ತು, ನೋಡಿ ಹೇಳು" ಎಂದರು. ಎಣಿಸಿದೆ. "ಏಳು."

"ನಾಲ್ಕು ಅಂದ್ಕೊಂಡಿದ್ದೆ" ಎಂದರು. ಬೇಜಾರಾಗಿತ್ತು.

ಗುಂಡು ಅಗೆಯುವುದು ನನ್ನ ಕೆಲಸವಾದ್ದರಿಂದ ನಾನೇ ಅಗೆದೆ. ಎರಡು ಭುಜವನ್ನೂ ದಾಟಿ ಆಚೆ ಕಡೆಯ ತೊಗಲಿನ ಒಳಗೆ ಕೂತಿತ್ತು, ಹಳ್ಳದಲ್ಲಿ ಸಿಕ್ಕಿದ ಹೂವಿನ ಅವಳಿಯ ಹಾಗೆ. ಎಡ ಭುಜದ ಗುರಾಣಿಯಲ್ಲಿ ಬೇರೆ ಸರಕೂ ಇತ್ತು. ಹನ್ನೊಂದು ಚರೆ. ಕಾಗದದಷ್ಟು ತೆಳು ತಾಮ್ರದ ಚೂರುಗಳು. ಚೂರುಗಳನ್ನು ಹವಾಲ್ದಾರರ ಅಂಗೈಗೆ ಹಾಕಿದೆ. ಅವರು ತಮ್ಮ ಇನ್ನೂರ ಎಪ್ಪತ್ತರ ಸಾಸಿವೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಸಾಹುಕಾರರ ಎದುರು ಹಿಮ್ಮಡಿ ಕೂಡಿಸಿ ಸೆಲ್ಯೂಟ್ ಹೊಡೆದರು. ಸಾಹುಕಾರರಿಗೆ ಏನು ಮಾಡಬೇಕೋ ತಿಳಿಯದೆ ಶರಣು ಮಾಡಿದರು.

ಊಟಕ್ಕೆ ಕೂತಾಗ ನಾಲ್ಕು ಮುದ್ದೆಯ ಮೇಲೆ ಕೋವಿಯ ಅಚ್ಚು ಬಿದ್ದಿತ್ತು. ಯಾರೂ ಮುಟ್ಟಲಿಲ್ಲ. "ತಿನ್ನಕ್ಕಲ್ದೆ ಇನ್ನೇನಕ್ಕೆ?" ಎಂದು ಹವಾಲ್ದಾರರು ಒಂದನ್ನು ಎಳೆದುಕೊಂಡರು. ಎರಡು ತುತ್ತು ನುಂಗಿ, "ಕೊಬ್ಬರಿ ಹಾಕಿದ ಮುದ್ದೆ ಕಣ್ರೋ, ಚೆನ್ನಾಗೈತೆ" ಎಂದರು. ಸಾಯುವವರೆಗೂ ಅವರು ನಮ್ಮ ಮನೆಗೆ ಬಂದಾಗಲೆಲ್ಲ ಕೋವಿ ಮುದ್ದೆ ಇದೆಯಾ ಎಂದು ಕೇಳುತ್ತಿದ್ದರು.

ಆಮೇಲೆ ಕೆಲವು ವರ್ಷಕ್ಕೆ ತೋಟಾ ಸಿಗುವುದು ಕಷ್ಟವಾಯಿತು, ಪರವಾನಗಿಯೂ ನಿಂತಿತು. ಸಾಹುಕಾರರು ಬೀರು ಖಾಲಿ ಮಾಡಿ ಹಗ್ಗ, ಗೋಣಿ ಅಷ್ಟೇ ಇಟ್ಟುಕೊಂಡರು. ದುಃಖಪಡಲಿಲ್ಲ. ಹಗ್ಗ ಕೇಳಲು ಬಂದವರಿಗೂ "ಎಮ್ಮೆಗಾ, ಎತ್ತಿಗಾ, ಹೋರಿಗಾ? ಎಷ್ಟು ವಯಸ್ಸು?" ಎಂದು ಕೇಳಿ ಬಸ್ಸು ತಪ್ಪಿಸುತ್ತಿದ್ದರು. ಹೊಲ ನನ್ನ ಹತ್ತಿರವೇ ಉಳಿಯಿತು, ಈಗಲೂ ಇದೆ. ಆ ಗುಂಡೂ ಇದೆ. ಗಾಳಿಗೆ ಬಡಿಯದಂತೆ ಬಾಗಿಲ ಸಂದಿಗೆ ಇಡುತ್ತೇನೆ. ತೂಕದ್ದು, ಚೆನ್ನಾಗಿ ನಿಲ್ಲುತ್ತದೆ.

ಹಂದಿ ಬಿದ್ದ ದಿನ ಮಧ್ಯಾಹ್ನ ಸಾಹುಕಾರರನ್ನು ಬಸ್ಸಿಗೆ ಬಿಡಲು ರಸ್ತೆಯವರೆಗೆ ಹೋದೆ. ದಾರಿಯುದ್ದಕ್ಕೂ ಬೈಗುಳ ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಾಯುತ್ತಿದ್ದೆ. ಮೋರಿಯ ಹತ್ತಿರ ನಿಂತರು.

"ಹಬ್ಬದ ದಿನ ಒಟ್ಟು ಎಷ್ಟು ಕೋವಿಗೆ ಹಚ್ಚಿದೆ?"

"ಎಲ್ಲಾದ್ಕೂ. ಒಂಬತ್ತು."

"ಹೊರಗಿನವ್ರದ್ದೂ?"

"ಅವಕ್ಕೇ ಜಾಸ್ತಿ ಹಚ್ಚಿದ್ದು. ಹೊರಗಿನವ್ರು ಅಂತ."

ಅವರಿಗೆ ನಗು ಶುರುವಾಯಿತು. ಮೋರಿಯ ಕಟ್ಟೆಯ ಮೇಲೆ ಕೂತುಬಿಟ್ಟರು. ಹರಿದ ಪಂಚೆಯ ಅಂಚಿನಲ್ಲಿ ಕಣ್ಣು ಒರೆಸಿಕೊಂಡು, ಕೊಬ್ಬರಿ ಎಣ್ಣೆ ಕಣ್ಣಿಗೆ ಹತ್ತಿ, ಇನ್ನೂ ನಕ್ಕರು. "ಈ ಚಳಿಗಾಲ ತಾಲ್ಲೂಕಿನಲ್ಲಿ ಒಂದು ಕೋವೀನೂ ಹಾರಲ್ಲ ಕಣೇ. ಕಾಡಿನ ಪ್ರಾಣಿಗಳೆಲ್ಲ ಸೇರಿ ನಿಂಗೊಂದು ಗುಡಿ ಕಟ್ಟಿಸ್ಬೇಕು." ಬಸ್ಸು ಬಂತು. ನಿಂತಿತು. ನಗು ನಿಲ್ಲಲಿಲ್ಲ. ಬಸ್ಸು ಹೋಯಿತು. ಮುಂದಿನದಕ್ಕೆ ಒಂದೂವರೆ ಗಂಟೆ ಕಾದೆವು.

ಮರುದಿನ ಬೆಳಿಗ್ಗೆ ಎರಡು ಬುಡ ಹಸಿ ಶೇಂಗಾ ಕಿತ್ತು, ಮಣ್ಣು ಕೊಡವಿ, ಮೊದಲನೇ ಬಸ್ಸಿಗೆ ತರೀಕೆರೆಗೆ ಹೋದೆ. ಗಿಡಗಳನ್ನು ಅವರ ತಕ್ಕಡಿಯ ಪಕ್ಕ ಇಟ್ಟೆ. ಅವರು ಬೀರುವಿನ ಬೀಗ ತೆಗೆದರು. ನಾನು ಸೀಮೆಎಣ್ಣೆ ಡಬ್ಬ ತಂದು, ಗೋಣಿ ಹಾಸಿ ಕೂತು, ಮೊದಲನೇ ಕೋವಿಯನ್ನು ಮೂಸಿ ನೋಡಿ, ಒರೆಸಲು ಶುರುಮಾಡಿದೆ.